ಕಾರ್ತಿಕದಲ್ಲಿ ಮಾವಿನ ವಾಸನೆ

ನರ್ಸ್ ನನ್ನ ಕೈಗೆ ಕತ್ತರಿ ಕೊಟ್ಟು ಒಂದು ಹೆಜ್ಜೆ ಹಿಂದೆ ಸರಿದರು.

"ನೀವ ಕತ್ತರಸ್ರಿ ಅಣ್ಣಾರ. ನಾ ಮಾಲಿಗಿ ಕತ್ತರಿ ಹಚ್ಚಂಗಿಲ್ಲ. ನಮ್ಮ ಮನ್ಯಾಗೂ ಒಬ್ಬ ಸ್ವಾಮಿ ಇದ್ದಾನ."

ಸ್ಟ್ರೆಚರ್ ಮೇಲೆ ಕುಳಿತಿದ್ದವನು ನನ್ನ ಗೆಳೆಯ ದೇವಿಂದ್ರ. ಸುರಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಮಲಗಿದರೆ ಉಸಿರು ಸಿಗುವುದಿಲ್ಲ ಎಂದು ಕುಳಿತೇ ಇದ್ದ. ಕೊರಳಲ್ಲಿ ಅಯ್ಯಪ್ಪನ ತುಳಸಿಮಾಲೆ. ಆದರೆ ಆ ಕೊರಳು ಕೊರಳಿನ ಹಾಗಿರಲಿಲ್ಲ. ಗದ್ದದಿಂದ ಎದೆಯ ತನಕ ಒಂದೇ ದಪ್ಪ. ಕೆಂಪಗೆ, ಹಲಗೆಯಂತೆ ಗಟ್ಟಿ. ಮಣಿಗಳು ಬಾವಿನಲ್ಲಿ ಹೂತುಹೋಗಿದ್ದವು. ತಲೆಯ ಮೇಲಿಂದ ತೆಗೆಯೋಣವೆಂದರೆ ಊದಿದ ದವಡೆ ಅಡ್ಡ. ಅದಕ್ಕಿಂತ ದೊಡ್ಡ ಅಡ್ಡಿ ಅವನ ಕೈಗಳು. ಎರಡೂ ಮುಷ್ಟಿಯಲ್ಲಿ ಮಾಲೆಯನ್ನು ಹಿಡಿದುಕೊಂಡಿದ್ದ. ಬಿಡುತ್ತಿರಲಿಲ್ಲ.

ಇಷ್ಟೆಲ್ಲ ಶುರುವಾದದ್ದು ಒಂದು ಹಲ್ಲಿನಿಂದ ಎಂದರೆ ನಂಬುತ್ತೀರಾ?

ಮೊದಲಿನಿಂದ ಹೇಳಿಬಿಡುತ್ತೇನೆ. (ದಿನಾ ಡೈರಿ, ವಾರಕ್ಕೊಂದು ಅಂಕಣ ಬರೆಯುವವನ ಕಷ್ಟ ಇದು. ಕಥೆಯನ್ನು ನಡುವಿನಿಂದ ಹಿಡಿದರೆ ಸಮಾಧಾನವಾಗುವುದಿಲ್ಲ.)

ದಸರೆಯಿಂದಲೇ ಅವನಿಗೆ ಹಲ್ಲುನೋವು. ಎಡಗಡೆ, ಕೆಳಗೆ, ಎಲ್ಲಕ್ಕಿಂತ ಹಿಂದಿನದು. ಬುದ್ಧಿಹಲ್ಲು. ನಮ್ಮ ಕಡೆ ಅಕ್ಕಲ್ ದಾಡಿ ಎನ್ನುತ್ತೇವೆ. ಯಾದಗಿರಿಯ ಹಲ್ಲಿನ ಡಾಕ್ಟರ್ ಎಕ್ಸರೇ ತೆಗೆದು ನೋಡಿದರೆ ಅದು ನೆಟ್ಟಗೆ ಬೆಳೆದೇ ಇರಲಿಲ್ಲ. ಮುಂದಿನ ಹಲ್ಲಿಗೆ ಒರಗಿಕೊಂಡು ಅಡ್ಡಡ್ಡ ಮಲಗಿತ್ತು. ತೆಗೆಸಲೇಬೇಕು ಎಂದರು. ತೆಗೆಸಿದ ಮೇಲೆ ಒಂದು ವಾರ ಸಿಗರೇಟು ಮುಟ್ಟಬಾರದು, ಎರಡು ವಾರವಾದರೆ ಇನ್ನೂ ಒಳ್ಳೆಯದು ಎಂದೂ ಹೇಳಿದರು.

ದೇವಿಂದ್ರ ಹಲ್ಲನ್ನು ಬಾಯಲ್ಲೇ ಇಟ್ಟುಕೊಂಡು ವಾಪಸ್ ಬಂದ.

"ಎರಡು ವಾರ ಸಿಗರೇಟ್ ಬಿಡು ಅಂದ್ರ ಹಲ್ಲ ಇರ್ಲಿ ಬಿಡು ದೋಸ್ತ. ಅದು ಜರಾ ನೋಯ್ತದ ಅಷ್ಟ. ಸಿಗರೇಟ್ ಇಲ್ಲಾಂದ್ರ ಸ್ಕ್ರೂ ಹಿಡಿಲಾಕ ಕೈ ನಡುಗ್ತಾವ."

ಅದು ನಿಜ. ಅವನ ಅಂಗಡಿಯಲ್ಲಿ ಬಿಚ್ಚಿಟ್ಟ ಫೋನುಗಳ ನಡುವೆ ಯಾವಾಗಲೂ ಒಂದು ಪ್ಯಾಕು ಇರುತ್ತಿತ್ತು. ಸಂಜೆಗೆ ಖಾಲಿಯಾಗುತ್ತಿತ್ತು.

ಆಮೇಲೆ ದೀಪಾವಳಿ ಬಂತು. ಹೋಯಿತು. ದೇವಿಂದ್ರ ಅಯ್ಯಪ್ಪನ ಮಾಲೆ ಹಾಕುವುದಾಗಿ ಹೇಳಿದ.

ಹುಡುಗಾಟಕ್ಕೆ ಹಾಕಿದ ಮಾಲೆಯಲ್ಲ ಅದು. ಅವನ ಹೆಂಡತಿ ರೇಣುಕಾಳಿಗೆ ಎರಡು ಬಸಿರು ನಿಂತಿರಲಿಲ್ಲ. ಒಂದು ಮೂರನೆಯ ತಿಂಗಳಲ್ಲಿ ಹೋಯಿತು. ಇನ್ನೊಂದು ಐದರಲ್ಲಿ. ಈ ಸಲ ಆರು ದಾಟಿತ್ತು. ಆರು ದಾಟಿದ ದಿನವೇ ಹರಕೆ ಹೊತ್ತ. ಮಂಡಲ ಪೂರ್ತಿ ವ್ರತ ಮಾಡಿ, ಇರುಮುಡಿ ಹೊತ್ತು ಬೆಟ್ಟ ಹತ್ತಿ ಬರುತ್ತೇನೆ, ಈ ಕೂಸು ಉಳಿಯಲಿ ಎಂದು.

ಮಾಲೆ ಎಂದರೆ ನಿಮಗೆ ಗೊತ್ತೇ ಇದೆ. ಎರಡು ಹೊತ್ತು ತಣ್ಣೀರ ಸ್ನಾನ, ಕರಿ ಬಟ್ಟೆ, ಬರಿಗಾಲು, ಊರಿನ ಮಾಲೆಯವರೆಲ್ಲ ಕೂಡಿ ಹಾಕಿಕೊಂಡ ಸನ್ನಿಧಾನದಲ್ಲಿ ನೆಲದ ಮೇಲೆ ಮಲಗುವುದು. ಮಾಂಸ ಇಲ್ಲ, ಮದ್ಯ ಇಲ್ಲ. ಸಿಗರೇಟು ಇಲ್ಲವೇ ಇಲ್ಲ.

ಅಲ್ಲಿಗೆ ಅವನ ತಲೆಗೆ ಒಂದು ಐಡಿಯಾ ಹೊಳೆಯಿತು.

"ಹೆಂಗೂ ಮಾಲ್ಯಾಗ ಇರ್ತೀನಲ್ಲ? ಸಿಗರೇಟ್ ಮುಟ್ಟಂಗಿಲ್ಲ. ಅದರಾಗ ಹಲ್ಲು ಕೀಳಿಸಿಬಿಡ್ತೀನಿ. ಒಂದ ಪಥ್ಯದಾಗ ಎರಡೂ ಮುಗಿತಾವ."

ನನಗೆ ಬಹಳ ಹಿಡಿಸಿತು. (ಇಂಥ ಲೆಕ್ಕಾಚಾರ ನನ್ನ ದೌರ್ಬಲ್ಯ.) ಡಾಕ್ಟರ ಮಾತಿಗೆ ಬಗ್ಗದವನು ದೇವರ ಮಾತಿಗೆ ಬಗ್ಗುತ್ತಾನೆ ಎಂದರೆ ದೇವರನ್ನೇ ಕಾವಲಿಗೆ ನಿಲ್ಲಿಸುವುದು ಜಾಣತನವಲ್ಲವೇ? ಶಹಾಪುರದಲ್ಲಿ ನನ್ನ ಶಾಲೆಯ ಸ್ಟಾಫ್ ರೂಮಿನಲ್ಲಿ ಈ ಐಡಿಯಾವನ್ನು ಹೇಳಿ ನಾಲ್ಕು ಜನರಿಂದ ಭೇಷ್ ಎನಿಸಿಕೊಂಡೂ ಬಂದೆ.

ಒಂದು ಅನುಮಾನ ಉಳಿದಿತ್ತು. ಮಾಲೆಯಲ್ಲಿರುವವನು ಗಡ್ಡ ತೆಗೆಯುವಂತಿಲ್ಲ, ಉಗುರು ಕತ್ತರಿಸುವಂತಿಲ್ಲ. ಹಲ್ಲು?

ಇಬ್ಬರೂ ಮಾಲೆ ಹಾಕುವ ಗುರುಸ್ವಾಮಿಯನ್ನು ಕೇಳಲು ಹೋದೆವು. ಅವರದು ಸುರಪುರದಲ್ಲಿ ಹಿಟ್ಟಿನ ಗಿರಣಿ. ಹುಬ್ಬಿನ ಮೇಲೆಲ್ಲ ಜೋಳದ ಹಿಟ್ಟು. ಬೆಲ್ಟಿನ ಸದ್ದಿನ ನಡುವೆ ಕೂಗಿ ಕೇಳಿದೆವು. ಕೂಗಿಯೇ ಉತ್ತರ ಕೊಟ್ಟರು.

"ನೋಯೋ ಹಲ್ಲು ಇಟ್ಕೊಂಡು ಶರಣು ಕೂಗಿದ್ರ ಅಯ್ಯಪ್ಪಗ ನಿನ್ನ ಭಕ್ತಿ ಕೇಳಸ್ತದೋ ನಿನ್ನ ನರಳಾಟ ಕೇಳಸ್ತದೋ? ತೆಗಿಸ್ಕೊಂಡು ಬಾ ಸ್ವಾಮಿ."

ಮಾಲೆ ಹಾಕಿದ ಎರಡನೆಯ ವಾರ ನಾನೇ ಜೊತೆಯಾಗಿ ಯಾದಗಿರಿಗೆ ಹೋದೆ. ಬಸ್ಸಿನಲ್ಲಿ ಕಂಡಕ್ಟರ್ ಕೂಡ "ಒಳಗ ನಡೀರಿ ಸ್ವಾಮಿ" ಎಂದ. ಕರಿ ಲುಂಗಿ, ಹಣೆಗೆ ಗಂಧ, ಬೆಳೆದ ಗಡ್ಡ. ದೇವಿಂದ್ರನನ್ನು ಹಾಗೆ ನೋಡಿದರೆ ಯಾರಿಗಾದರೂ ಕೈಮುಗಿಯಬೇಕು ಎನಿಸುತ್ತಿತ್ತು.

ಡಾಕ್ಟರ್ ಮೇಡಂ ಕುರ್ಚಿ ಹಿಂದಕ್ಕೆ ಮಲಗಿಸಿ ಕೇಳಿದರು. "ಸಿಗರೇಟ್ ಬಿಟ್ಟೀರೇನ್ರಿ?"

ಅವನು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. "ಮಾಲಿ ಕಾಣವಲ್ದೇನ್ರಿ ಮೇಡಂ?"

ಮೇಡಂ ನಕ್ಕರು. "ಹಂಗಿದ್ರ ನನ್ನ ಅರ್ಧ ಕೆಲಸ ಅಯ್ಯಪ್ಪ ಮಾಡ್ಯಾನ ಬಿಡ್ರಿ."

ನಾನೂ ನಕ್ಕೆ. ದೇವಿಂದ್ರ ಮಾಲೆಯನ್ನು ಅಂಗಿಯ ಮೇಲೆ ಸರಿಮಾಡಿಕೊಂಡ.

ಹಲ್ಲು ಸುಲಭಕ್ಕೆ ಬರಲಿಲ್ಲ. ವಸಡು ಕೊಯ್ದು, ಎರಡು ತುಂಡು ಮಾಡಿ ತೆಗೆದರು. ಹೊಲಿಗೆ ಹಾಕಿದರು. ಆಮೇಲೆ ಮೇಡಂ ಒಂದು ಮಾತನ್ನು ನಿಧಾನವಾಗಿ, ಎರಡು ಸಲ ಹೇಳಿದರು.

"ಆ ಕುಣ್ಯಾಗ ರಕ್ತ ಹೆಪ್ಪುಗಟ್ಟಿ ಕೂಡ್ತದ. ಅದ ಮುಚ್ಚಳ. ಅದು ಕಿತ್ತು ಬಂದ್ರ ಕೆಳಗ ಎಲುಬು ಬಯಲಿಗಿ ಬೀಳ್ತದ. ಆ ನೋವು ನಿಮ್ಮ ವೈರಿಗೂ ಬ್ಯಾಡ. ಜೋರಲೆ ಉಗುಳಬ್ಯಾಡ್ರಿ. ಬಾಯಿಂದ ಏನೂ ಎಳಿಬ್ಯಾಡ್ರಿ. ಎಳನೀರು ಕುಡಿರಿ, ಸ್ಟ್ರಾ ಬ್ಯಾಡ."

ಬಸ್ ಸ್ಟ್ಯಾಂಡಿನ ಹೊರಗೆ ಎಳನೀರು ಕೊಡಿಸಿದೆ. ಮಾರುವವನು ಸ್ಟ್ರಾ ಚುಚ್ಚಿ ಕೊಟ್ಟ. ದೇವಿಂದ್ರ ಅದನ್ನು ಕಿತ್ತು ಬದಿಗಿಟ್ಟು ಲೋಟಕ್ಕೆ ಕೈಸನ್ನೆ ಮಾಡಿದ. ಬಾಯಲ್ಲಿ ಹತ್ತಿ ಇತ್ತಲ್ಲ, ಮಾತಿಲ್ಲ.

"ಸ್ವಾಮಿಗೋಳಿಗಿ ಸ್ಟ್ರಾನೂ ಮೈಲಿಗಿ ಏನ್ರಿ?" ಎಂದು ಮಾರುವವನು ನನ್ನನ್ನು ಕೇಳಿದ.

"ಡಾಕ್ಟರ್ ಎಳಿಬ್ಯಾಡ ಅಂದಾರ" ಎಂದೆ. ಗೆಳೆಯನ ಶಿಸ್ತು ನೋಡಿ ಒಳಗೊಳಗೆ ಹೆಮ್ಮೆಯಾಯಿತು.

ನಾಲ್ಕನೆಯ ದಿನ ಫೋನ್ ಬಂತು. ದನಿ ಅವನದೇ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಕಿವ್ಯಾಗ ಮೊಳಿ ಬಡಿದಂಗ ಆಗಾಕತ್ತದ. ಕಣ್ಣೂ ನೋಯಾಕತ್ತದ. ಗುಳಿಗಿ ತಗೊಂಡ್ರ ಒಂದು ತಾಸು ಸುಮ್ಮನಿರ್ತದ, ಮತ್ತ ಅದ."

ಮತ್ತೆ ಯಾದಗಿರಿ. ಈ ಸಲ ರೇಣುಕಾಳೂ ಬಂದಳು. ಬಸ್ಸು ಕುಪ್ಪಳಿಸಿದಾಗಲೆಲ್ಲ ಅವಳು ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು, ಅವನು ಗಲ್ಲ.

ಮೇಡಂ ದೀಪ ಹಿಡಿದು ನೋಡಿದರು. ಮುಚ್ಚಳ ಇರಲಿಲ್ಲ. ಕುಣಿ ಖಾಲಿ. ತಳದಲ್ಲಿ ಬೂದು ಬಣ್ಣದ ಎಲುಬು. ನನಗೂ ತೋರಿಸಿದರು. ನೋಡಬಾರದಿತ್ತು.

"ಏನರ ಸೇದಿದ್ರೇನು?"

ದೇವಿಂದ್ರ ಇಲ್ಲ ಎಂದು ತಲೆಯಾಡಿಸಿದ. ಮೇಡಂ ರೇಣುಕಾಳ ಕಡೆ ನೋಡಿದರು. ರೇಣುಕಾ ಗಂಡನ ಮುಖ ನೋಡಿದಳು. ಆಮೇಲೆ ಹೇಳಿದಳು.

"ಇಲ್ರಿ ಮೇಡಂ. ಮಾಲ್ಯಾಗ ಇದ್ದಾರ. ಮಲಗೋದು ಸನ್ನಿಧಾನದಾಗ. ಅಲ್ಲಿ ಇರೋರೆಲ್ಲ ಸ್ವಾಮಿಗೋಳ."

ಸೇದದವರಿಗೂ ಒಮ್ಮೊಮ್ಮೆ ಹೀಗಾಗುತ್ತದೆ ಎಂದು ಮೇಡಂ ಸಮಾಧಾನ ಹೇಳಿದರು. ಲವಂಗದೆಣ್ಣೆಯ ವಾಸನೆಯ ಔಷಧ ಹಚ್ಚಿದ ಪಟ್ಟಿಯನ್ನು ಕುಣಿಯಲ್ಲಿ ತುಂಬಿದರು. ದೇವಿಂದ್ರನ ಭುಜ ಇಳಿದದ್ದು ಕಣ್ಣಿಗೆ ಕಾಣಿಸಿತು. ನೋವು ಅಷ್ಟು ಬೇಗ ಬಿಟ್ಟಿತು.

ಮೂರು ದಿನಕ್ಕೆ ಮತ್ತೆ ಬಂತು. ಮತ್ತೆ ಪಟ್ಟಿ. ಮತ್ತೆ ಅದೇ ಪ್ರಶ್ನೆ, ಅದೇ ತಲೆಯಾಟ. ಮೇಡಂ ಮುಖದಲ್ಲಿ ಈಗ ನಗು ಇರಲಿಲ್ಲ. "ಇಷ್ಟೊತ್ತಿಗಿ ಗಾಯ ಮಾಯಬೇಕಿತ್ತು" ಎಂದಷ್ಟೇ ಅಂದರು. ಬೇರೆ ಗುಳಿಗೆ ಬರೆದು, ಎರಡು ದಿನ ಬಿಟ್ಟು ಬರಲು ಹೇಳಿದರು.

ಅವನು ಹೋಗಲಿಲ್ಲ. ಸುರಪುರದಿಂದ ಯಾದಗಿರಿ ಹತ್ತಿರವೇನಲ್ಲ. ಅಂಗಡಿ ಮುಚ್ಚಿದರೆ ಗಿರಾಕಿ ಹೋಗುತ್ತಾರೆ. ನೋವಿನ ಗುಳಿಗೆ ಪಕ್ಕದ ಮೆಡಿಕಲ್‌ನಲ್ಲೇ ಸಿಗುತ್ತದೆ. ಹೊಟ್ಟೆ ಉರಿಯುತ್ತದೆ ಎಂದು ಆ್ಯಂಟಿಬಯೋಟಿಕ್ ಅರ್ಧಕ್ಕೇ ಬಿಟ್ಟನಂತೆ. ಫೋನಿನಲ್ಲಿ ನಾನು ಕೇಳಿದಾಗಲೆಲ್ಲ ಒಂದೇ ಉತ್ತರ. "ಕಮ್ಮಿ ಅದ ಸ್ವಾಮಿ."

ಕಮ್ಮಿ ಇರಲಿಲ್ಲ.

ಒಂದು ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ರೇಣುಕಾ ಫೋನ್ ಮಾಡಿದಳು. ಅವಳು ಅಳುತ್ತಿರಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಅಣ್ಣಾರ, ಅವರಿಗಿ ಬಾಯಿ ತೆರಿಲಾಕ ಬರವಲ್ದು. ಉಗುಳು ನುಂಗಲಾಕ ಬರವಲ್ದು, ಸೋರಾಕತ್ತದ. ಮಲಗಿದ್ರ ಉಸಿರು ಹಿಡಿತದ ಅಂತ ಕೈ ಮಾಡಿ ತೋರಿಸ್ತಾರ. ಗೋಡಿಗಿ ಒರಗಿ ಕುಂತಾರ."

ಯಾದಗಿರಿಯ ಮೇಡಂಗೆ ಫೋನ್ ಹಚ್ಚಿದೆ. ಪೂರ್ತಿ ಕೇಳಲೂ ಇಲ್ಲ. "ನನ್ನ ಕಡಿ ಬರಬ್ಯಾಡ್ರಿ. ನೆಟ್ಟಗ ಕಲಬುರಗಿ ಹೋಗ್ರಿ. ಈಗ ಹೋಗ್ರಿ. ದಾರ್ಯಾಗ ಮಲಗಿಸಬ್ಯಾಡ್ರಿ" ಎಂದರು.

ಅವರಿಬ್ಬರೂ ಸುರಪುರದಿಂದ ಕಾರಿನಲ್ಲಿ ಬಂದರು. ಶಹಾಪುರದ ಬೈಪಾಸಿನಲ್ಲಿ ನಾನು ಹತ್ತಿದೆ. ಜೇವರ್ಗಿ ದಾಟುವವರೆಗೆ ಕಾರಿನಲ್ಲಿ ಒಂದೇ ಸದ್ದು, ಅವನ ಉಸಿರು. ಒದ್ದೆ ಗರಗಸ ಎಳೆದಂತೆ. ರೇಣುಕಾ ಅವನ ಬಾಯಿ ಒರೆಸುತ್ತಿದ್ದಳು. ಅವನು ಮಾಲೆ ಹಿಡಿದುಕೊಂಡಿದ್ದ.

ಆಸ್ಪತ್ರೆಯಲ್ಲಿ ಎಲ್ಲವೂ ಬೇಗ ಬೇಗ ನಡೆಯಿತು. ಹಲ್ಲಿನ ಕುಣಿಯ ಸೋಂಕು ದವಡೆಯ ಕೆಳಗೆ ಇಳಿದು ಕೊರಳು ತುಂಬಿಕೊಂಡಿದೆ, ತಡಮಾಡಿದರೆ ಉಸಿರಿನ ದಾರಿ ಮುಚ್ಚುತ್ತದೆ, ಕೊರಳು ಕೊಯ್ದು ಕೀವು ಹೊರಗೆ ಬಿಡಬೇಕು ಎಂದರು. ಅರಿವಳಿಕೆ ಕೊಡುವ ಡಾಕ್ಟರ್ ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಂದವರೇ ಮೊದಲು ಮಾಡಿದ ಕೆಲಸ, ರೇಣುಕಾಳನ್ನು ಹೊರಗೆ ಕಳಿಸಿದ್ದು.

"ತಂಗಿ, ನೀವು ಜರಾ ಹೊರಗ ಕುಂದರ್ರಿ."

ಬಾಗಿಲು ಮುಚ್ಚಿಸಿ, ದೇವಿಂದ್ರನ ಮುಖದ ಹತ್ತಿರ ಬಗ್ಗಿದರು.

"ಸಿಗರೇಟ್?"

ತಲೆ ಅಲ್ಲಾಡಿಸಿದ. ಇಲ್ಲ.

"ಬೀಡಿ? ಗುಟ್ಕಾ?"

ಇಲ್ಲ. ಇಲ್ಲ.

ಅವರು ಮಾಲೆಯನ್ನು ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು. "ಆ ಪೆನ್ನಿನಂಥದು? ಚಾರ್ಜ್ ಮಾಡಿ ಎಳಿತಾರಲ್ಲ, ವೇಪ್. ಅದು? ನೋಡ್ರಿ, ನಾ ಯಾರಿಗೂ ಹೇಳಂಗಿಲ್ಲ. ನಿಮಗ ಮದ್ದು ಕೊಡಬೇಕಲ್ಲ, ಅದಕ್ಕ ಕೇಳಾಕತ್ತೀನಿ."

ದೇವಿಂದ್ರ ಕಣ್ಣು ಮುಚ್ಚಿದ.

"ಹಲ್ಲು ತೆಗೆಸಿದ ಮ್ಯಾಲೂ?"

ಮುಚ್ಚಿದ ಕಣ್ಣಿನಿಂದಲೇ ನೀರು ಬಂತು. ತಲೆ ಮೇಲೆ ಕೆಳಗೆ ಆಡಿತು. ಒಂದೇ ಸಲ.

ಆಗಲೇ ಅವನು ಮಾಲೆಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದದ್ದು. ಆಗಲೇ ನರ್ಸ್ ನನ್ನ ಕೈಗೆ ಕತ್ತರಿ ಕೊಟ್ಟದ್ದು.

ಮಾಲೆಯನ್ನು ಹಾಕಿದವರೇ ತೆಗೆಯಬೇಕು. ನಾನು ಗಿರಣಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಬೆಲ್ಟಿನ ಸದ್ದು ಕೇಳಿಸಿತು. ಆಮೇಲೆ ಯಾರೋ ಮೋಟರ್ ನಿಲ್ಲಿಸಿದರು.

"ಗುರುಸ್ವಾಮಿ, ಕೊರಳು ಕೊಯ್ಯಬೇಕಂತ. ಮಾಲಿ ತೆಗಿಬೇಕು. ಅಂವ ಬಿಡವಲ್ಲ."

ಯೋಚಿಸಲು ಅವರು ಒಂದು ಉಸಿರನ್ನೂ ತೆಗೆದುಕೊಳ್ಳಲಿಲ್ಲ.

"ತೆಗಿ ಸ್ವಾಮಿ. ಜೀವ ಮೊದಲ. ಮಾಲಿ ಮುಂದಿನ ವರ್ಷ ಹಾಕೋಬಹುದು. ಕೂಸಿನ ಹರಕಿ ಎಲ್ಲಿ ಓಡಿ ಹೋಗ್ತದ? ದೇವಿಂದ್ರ ಸ್ವಾಮಿ, ನಾ ಹೇಳಾಕತ್ತೀನಿ, ಕೈ ಬಿಡು."

ಅವರು ಮಾಲೆ ತೆಗೆಯುವ ಮಂತ್ರ ಹೇಳಿದರು. ದೇವಿಂದ್ರನ ಬೆರಳು ಒಂದೊಂದಾಗಿ ಸಡಿಲವಾದವು. ನಾನು ಕತ್ತರಿಸಿದೆ. ಕೆಲವು ಮಣಿಗಳು ಸ್ಟ್ರೆಚರ್ ಕೆಳಗೆ ಉರುಳಿದವು. ನರ್ಸ್ ಮೊಣಕಾಲೂರಿ ಅಷ್ಟನ್ನೂ ಆರಿಸಿದರು. ಹೊಸ ಸ್ಯಾಂಪಲ್ ಡಬ್ಬಿಯಲ್ಲಿ ಹಾಕಿ, ಮುಚ್ಚಳ ತಿರುಗಿಸಿ ನನ್ನ ಕೈಗೆ ಕೊಟ್ಟರು.

ಬಾಗಿಲ ಹೊರಗೆ ಕೂತಿದ್ದ ರೇಣುಕಾ ಮೊದಲು ನೋಡಿದ್ದು ಆ ಡಬ್ಬಿಯನ್ನು. ನಿಮಗೆ ಅವಳ ಮುಖವನ್ನು ವರ್ಣಿಸಲಾರೆ.

ಕೊಯ್ದರು. ನಳಿಕೆ ಇಟ್ಟರು. ಮೂರು ದಿನ ಐಸಿಯು. ಬದುಕಿದ. ದೊಡ್ಡ ಡಾಕ್ಟರನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದೆ. ಆ ಪೆನ್ನಿನಿಂದಲೇ ಆಯಿತೇ?

"ಅದೊಂದ ಕಾರಣ ಅಂತ ನಾ ಹೇಳಂಗಿಲ್ಲ. ಔಷಧ ಅರ್ಧಕ್ಕ ಬಿಟ್ಟಾನ. ತಡಾ ಮಾಡ್ಯಾನ. ಆದ್ರ ಗಾಯ ಮಾಯಲಾಕ ಬಿಡದಂಗ ಮಾಡಿದ್ದು ಅದು. ದಿನಾ ಎಳೆದು ಎಳೆದು ಮುಚ್ಚಳ ತೆಗೆದಾನ. ನಿಕೋಟಿನ್ ಇದ್ದಲ್ಲಿ ರಕ್ತ ಸರಿಯಾಗಿ ಹರಿಯಂಗಿಲ್ಲ. ಹಲ್ಲಿನ ಡಾಕ್ಟರ್‌ಗೆ ಮೊದಲ ಹೇಳಿದ್ರ ಅವರು ಅದಕ್ಕೂ ಬಿಗಿ ಪಥ್ಯ ಹೇಳ್ತಿದ್ರು."

ನಾಲ್ಕನೆಯ ದಿನ ಅವನ ಆಧಾರ್ ಕಾರ್ಡ್ ತರಲು ಸುರಪುರಕ್ಕೆ ಹೋಗಿ ಅಂಗಡಿಯ ಶಟರ್ ಎತ್ತಿದೆ. ಒಳಗೆ ಒಂದು ಪುಟ್ಟ ಹಸಿರು ದೀಪ ಉರಿಯುತ್ತಿತ್ತು. ಬಿಚ್ಚಿದ ಫೋನುಗಳ ನಡುವೆ, ಅದೇ ಮಾಮೂಲಿ ಕೇಬಲ್ಲಿಗೆ ಸಿಕ್ಕಿಸಿದ ಒಂದು ಬೆರಳುದ್ದದ ವಸ್ತು. ಚಾರ್ಜ್ ತುಂಬಿಕೊಂಡು ಯಜಮಾನನಿಗಾಗಿ ಕಾಯುತ್ತಿತ್ತು. ಮೂಗಿಗೆ ಹಿಡಿದೆ. ಮಾವಿನ ಹಣ್ಣಿನ ವಾಸನೆ. ಮಕ್ಕಳ ಪೆಪ್ಪರಮೆಂಟಿನ ಹಾಗೆ.

ಇದನ್ನು ಮಾರುವುದು ನಮ್ಮ ದೇಶದಲ್ಲಿ ನಿಷಿದ್ಧ. ಆದರೆ ಡಿಸ್‌ಪ್ಲೇ, ಬ್ಯಾಟರಿ ತರಿಸುವ ಹೈದರಾಬಾದಿನ ಡಬ್ಬದಲ್ಲಿ ಚಾರ್ಜರುಗಳ ನಡುವೆ ಇದೂ ಬರುತ್ತದೆ. ಯಾರು ತೆಗೆದು ನೋಡುತ್ತಾರೆ?

ಮಾತಾಡಲು ಬಂದ ಮೇಲೆ ದೇವಿಂದ್ರನೇ ಹೇಳಿದ. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಹಲ್ಲಿನ ಸಂದಿನಿಂದ ಮಾತು ಬರುತ್ತಿತ್ತು.

"ಮಾಲಿ ಹಾಕಿ ನಾಕ ದಿನಕ್ಕ ತಲಿ ಕೆಟ್ಟು ಹೋತು. ಸಿಗರೇಟ್ ಮುಟ್ಟಿಲ್ಲ, ದೇವರಾಣಿ. ಇದು ಹೊಗಿ ಅಲ್ಲಲ್ಲ ಮತ್ತ? ಬೆಂಕಿ ಇಲ್ಲ, ಬೂದಿ ಇಲ್ಲ, ಎಲಿ ಇಲ್ಲ. ಹಬಿ ಅದು. ಹಬಿ ಹಿಡಿದ್ರ ವ್ರತ ಕೆಡ್ತದಂತ ಯಾರರ ಹೇಳ್ಯಾರೇನು?"

"ಡಾಕ್ಟರ್ ಎಳಿಬ್ಯಾಡ ಅಂದಿದ್ರಲ್ಲ?"

"ಸ್ಟ್ರಾ ಅಂದಿದ್ರು."

ನನಗೆ ನಗು ಬಂತು. ಅವನಿಗೂ ಬಂದಿರಬೇಕು, ಹೊಲಿಗೆ ಎಳೆದು ಮುಖ ಕಿವುಚಿದ.

"ಮೊದಲ ಸಲ ಕೇಳಿದಾಗ ನಾನಂತೂ ನಿನಗ ಬಾಯಿ ತೆರಿಲಾಕ ಬಿಡ್ಲಿಲ್ಲ. ಎರಡನೇ ಸಲಕ್ಕರ ಹೇಳಬೇಕಿತ್ತಲ್ಲೋ."

ಅವನು ಬಾಗಿಲ ಕಡೆ ಒಮ್ಮೆ ನೋಡಿದ.

"ರೇಣುಕಾ ಬಾಜೂಕ ಇದ್ಳು. ಹೌದು ಅಂದ್ರ ಆಕಿ ಎದುರಿಗೇ ಮಾಲಿ ಕೆಟ್ಟಂಗ. ಮಾಲಿ ಕೆಟ್ರ ಕೂಸು…"

ಅಲ್ಲಿಗೆ ನಿಲ್ಲಿಸಿದ.

ಓದುಗರೇ, ಈ ಅರ್ಧ ವಾಕ್ಯವೇ ನನ್ನನ್ನು ಎರಡು ವಾರದಿಂದ ಕಾಡುತ್ತಿದೆ. ನಾವು ಸೇದುವವನನ್ನು ಬೈಯುತ್ತೇವೆ. ಆದರೆ ಅವನು ನಿಜ ಹೇಳುವ ಜಾಗ ಯಾವುದು? "ಸಿಗರೇಟ್ ಸೇದ್ತೀರಾ?" ಎಂಬುದು ಡಾಕ್ಟರಿಗೆ ಔಷಧದ ಪ್ರಶ್ನೆ. ನಮಗೆ ಅದು ನಡತೆಯ ಪ್ರಶ್ನೆ. ಅದನ್ನು ನಾವು ಹೆಂಡತಿಯ ಎದುರು, ಅಪ್ಪನ ಎದುರು, ಊರವರು ಸಾಲಾಗಿ ಕೂತ ಬೆಂಚಿನ ಎದುರು ಕೇಳಿಸಿಕೊಳ್ಳುತ್ತೇವೆ. ಉತ್ತರವನ್ನೂ ಬಹಳ ಸಲ ರೋಗಿ ಕೊಡುವುದಿಲ್ಲ. ಜೊತೆಗೆ ಬಂದವರು ಕೊಡುತ್ತಾರೆ. (ನಾನು ಕೊಟ್ಟೆನಲ್ಲ, ಹಾಗೆ.) ಅಂಥಲ್ಲಿ ಒಬ್ಬ ಗಂಡಸು ಹೌದು ಎನ್ನಲು ಎಷ್ಟು ಎದೆ ಬೇಕು? ಅದೂ ಕೊರಳಲ್ಲಿ ಮಾಲೆ ಇದ್ದಾಗ?

ಚಟ ಬಲು ಜಾಣ. ನಿಯಮದ ಅಕ್ಷರ ಅಕ್ಷರ ಓದುತ್ತದೆ. ಹೊಗೆ ಬೇಡ ಎಂದರೆ ಹಬೆ ಎನ್ನುತ್ತದೆ. ಸ್ಟ್ರಾ ಬೇಡ ಎಂದರೆ ಸ್ಟ್ರಾ ಒಂದನ್ನೇ ಬಿಡುತ್ತದೆ. ಆದರೆ ಹಲ್ಲು ಕಿತ್ತ ಕುಣಿಗೆ ಓದಲು ಬರುವುದಿಲ್ಲ. ಬಾಯಿಂದ ಎಳೆದದ್ದು ಬೀಡಿಯೋ ಮಾವಿನ ಹಬೆಯೋ ಎಳನೀರೋ ಅದಕ್ಕೆ ಒಂದೇ.

ಊರು ಕಲಿತ ಪಾಠ ಏನು ಗೊತ್ತೇ? ಸುರಪುರದ ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತ ಕೇಳಿಸಿಕೊಂಡೆ.

"ಮಾಲ್ಯಾಗ ರಕ್ತ ಬೀಳಸ್ಬಾರದಿತ್ತು ಅಂವ."

"ಅದಲ್ಲೋ, ಆ ಡಾಕ್ಟರಮ್ಮ ನರ ಕಡದಾಳಂತ."

"ಕಲಬುರಗ್ಯಾಗ ಕತ್ತರಿಲೆ ಮಾಲಿ ಕತ್ತರಿಸ್ಯಾರಂತ ನೋಡು. ಏನು ಕಾಲ ಬಂತು."

ಮಾತು ಕೇಳುತ್ತ ಕೂತಿದ್ದ ಇನ್ನೊಬ್ಬ ಮಾಲಾಧಾರಿಯ ಗಲ್ಲ ಊದಿತ್ತು. ಬಾಯಲ್ಲಿ ಲವಂಗ. ತೋರಿಸಿಕೊಳ್ಳಲಿಲ್ಲವೇ ಎಂದು ಕೇಳಿದೆ. "ಬೆಟ್ಟಕ್ಕ ಹೋಗಿ ಬಂದ ಮ್ಯಾಲ ನೋಡೋಣ್ರಿ ಸ್ವಾಮಿ. ದೇವಿಂದ್ರಂದು ನೋಡೀವಲ್ಲ" ಎಂದ. ಬಾಯಿ ತೆರೆಸಿ ನೋಡಿದೆ, ವಸಡಿನಲ್ಲಿ ಕೀವು. ಹೋಗು ಎಂದು ಜಗಳವಾಡಿದೆ. ಹೋಗಲಿಲ್ಲ. ಯಾದಗಿರಿಯ ಮೇಡಂ ಹತ್ತಿರ ಸುರಪುರದ ಕಡೆಯಿಂದ ಈಗ ಬರುವವರೇ ಕಡಿಮೆಯಂತೆ.

ಮೇಡಂ ಒಂದು ಬದಲಾವಣೆ ಮಾಡಿಕೊಂಡಿದ್ದಾರೆ. ಜೊತೆಗೆ ಬಂದವರನ್ನೆಲ್ಲ ಮೊದಲು ಹೊರಗೆ ಕೂರಿಸುತ್ತಾರೆ. "ಸಿಗರೇಟ್ ಸೇದ್ತೀರಾ?" ಎಂದು ಕೇಳುವುದನ್ನು ಬಿಟ್ಟಿದ್ದಾರೆ. "ದಿನದಾಗ ಬಾಯಿಗಿ ಏನೇನು ಹಚ್ತೀರಿ ಹೇಳ್ರಿ" ಎನ್ನುತ್ತಾರೆ. ಎಷ್ಟು ಜನ ಎಷ್ಟು ಬಗೆ ಹೇಳುತ್ತಾರೆಂದು ಕೇಳಿದರೆ ನಿಮಗೆ ಆಶ್ಚರ್ಯವಾದೀತು ಎಂದರು. ನಾನು ಕೇಳಲಿಲ್ಲ.

ಗಿರಣಿಗೂ ಹೋಗಿದ್ದೆ. ಗುರುಸ್ವಾಮಿಗೆ ವಿಷಯ ಹೇಳಿದಾಗ ಹಿಟ್ಟಿನ ಕೈಯನ್ನು ಹಣೆಗೆ ಒತ್ತಿಕೊಂಡರು.

"ಸನ್ನಿಧಾನದಾಗ ಒಂಥರ ಸಿಹಿ ವಾಸನಿ ಬರ್ತಿತ್ತು. ಯಾರೋ ಹೊಸ ನಮೂನಿ ಊದಿನಕಡ್ಡಿ ತಂದಾರ ಅನ್ಕೊಂಡಿದ್ದೆ. ಹೇಳಿದ್ರ ಆ ದಿನಾನ ಮಾಲಿ ತೆಗಿಸಿ ದವಾಖಾನಿಗಿ ನಾನ ಕರ್ಕೊಂಡು ಹೋಗ್ತಿದ್ನಲ್ಲ ಸ್ವಾಮಿ. ಕೇಳಿದ್ರಾಗಿತ್ತಲ್ಲ ನನಗ."

ಕೇಳಿದ್ದರಾಗಿತ್ತು.

ಇದನ್ನು ಬರೆಯುತ್ತೇನೆ ಎಂದು ದೇವಿಂದ್ರನಿಗೆ ಹೇಳಿದೆ. ಆ ಊದಿದ ಗಲ್ಲದವನ ಸಲುವಾಗಿ, ಅವನಂಥವರ ಸಲುವಾಗಿ. ದೇವಿಂದ್ರ ಒಪ್ಪಿದ. ಆದರೆ ಅವನ ಲೆಕ್ಕ ಬೇರೆ ಇತ್ತು. "ಬರಿ. ರೇಣುಕಾ ನಿನ್ನ ಅಂಕಣ ಪ್ರತಿ ವಾರ ಓದ್ತಾಳ. ಓದಿ ತಿಳ್ಕೊಳ್ಲಿ. ನನಗ ಹೇಳಲಾಕ ಬಾಯಿ ಬರವಲ್ದು."

ನಾನು ಒಪ್ಪಲಿಲ್ಲ. ಮೊದಲು ನೀನು ಹೇಳು, ಆಮೇಲೆ ನಾನು ಬರೆಯುತ್ತೇನೆ ಎಂದೆ. ಒಮ್ಮೆ ಅವನ ಪರವಾಗಿ ಬಾಯಿ ಹಾಕಿದ್ದು ಸಾಕಾಗಿತ್ತು.

ಕಳೆದ ಭಾನುವಾರ ಅವರ ಮನೆಗೆ ಹೋದೆ. ದೇವರ ಜಗಲಿಯ ಮೇಲೆ ಆ ಸ್ಯಾಂಪಲ್ ಡಬ್ಬಿ, ಅದಕ್ಕೆ ಕುಂಕುಮ. ಕೊರಳಿನ ಪಟ್ಟಿ ಸಣ್ಣದಾಗಿತ್ತು. ಅವನು ಗಂಜಿಯನ್ನು ಚಮಚದಲ್ಲಿ ಹಲ್ಲಿನ ಸಂದಿಗೆ ಇಳಿಸುತ್ತಿದ್ದ. ರೇಣುಕಾಳಿಗೆ ಈಗ ಎಂಟನೆಯ ತಿಂಗಳು. ಕೂಸು ಸ್ವಲ್ಪ ಹೊತ್ತು ಅಲುಗಾಡದಿದ್ದರೆ ದೇವಿಂದ್ರ ಊಟ ಬಿಡುತ್ತಾನಂತೆ. ಅಲುಗಾಡಿತೇನು, ಅಲುಗಾಡಿತೇನು ಎಂದು ಕೇಳುತ್ತಲೇ ಇರುತ್ತಾನಂತೆ.

ಅವಳು ಅವನ ಕರಿ ಲುಂಗಿಗಳನ್ನು ಮಡಚಿ ಟ್ರಂಕಿನಲ್ಲಿ ಇಡುತ್ತಿದ್ದಳು. ಅವನು ಹೇಳಿದ. ಒಂದೇ ಉಸಿರಿನಲ್ಲಿ, ನೆಲ ನೋಡುತ್ತ. ಪೆನ್ನು, ಹೈದರಾಬಾದಿನ ಡಬ್ಬ, ಹಬೆ, ಎಲ್ಲ.

ರೇಣುಕಾ ಲುಂಗಿ ಮಡಚುವುದನ್ನು ನಿಲ್ಲಿಸಲಿಲ್ಲ.

"ಗೊತ್ತದ" ಎಂದಳು.

ಅವನು ತಲೆ ಎತ್ತಿದ.

"ನಿಮ್ಮ ಟವೆಲ್ ನಾನ ಒಗಿತೀನಿ. ಮಾವಿನ ಹಣ್ಣಿನ ವಾಸನಿ ಇರ್ತಿತ್ತು. ಕಾರ್ತಿಕದಾಗ ಮಾವು ಎಲ್ಲಿಂದ ಬಂತ್ರಿ?"

ನನಗೇ ತಡೆಯಲಾಗಲಿಲ್ಲ.

"ಮತ್ತ ಮೇಡಂ ಕೇಳಿದಾಗ ಇಲ್ಲ ಅಂದ್ಯಲ್ಲ ತಂಗಿ?"

ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನನ್ನನ್ನು ನೋಡಿದಳು. ನಾನೇ ಏನೋ ತಿಳಿಯದವನ ಹಾಗೆ.

"ಹೌದು ಅಂದಿದ್ರ ಮಾಲಿ ಉಳಿತಿತ್ತೇನ್ರಿ ಅಣ್ಣಾರ?"

ಅವನು ಬಾಯಿ ಮುಚ್ಚಿಕೊಂಡು ಮಾಲೆ ಕಾಯ್ದ. ಅವಳು ಟವೆಲ್ ಒಗೆದು ಕಾಯ್ದಳು. ನಾನು ಡಾಕ್ಟರ ಎದುರು ನಕ್ಕು ಕಾಯ್ದೆ. ಕೊರಳನ್ನು ಯಾರು ಕಾಯಬೇಕಿತ್ತು?